ಚಿಕ್ಕಪ್ಪ ಅಳೆದ ದವಡೆ

ನಮ್ಮ ಚಿಕ್ಕಪ್ಪನ ಎದುರು ಕೂತು ನೆಮ್ಮದಿಯಾಗಿ ಇಡ್ಲಿ ತಿಂದವರು ರಾಮನಗರದಲ್ಲಿ ಒಬ್ಬರೂ ಇಲ್ಲ! ಇಡ್ಲಿ ಬಾಯಿಗೆ ಹೋಗುವ ಮೊದಲು ಅದರ ದಪ್ಪ ಎಷ್ಟೆಂದು ಅವರಿಗೆ ಗೊತ್ತಾಗಬೇಕು. ಕಲ್ಯ ಎಂಬ ಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಮನುಷ್ಯ, ಬಿಡದಿ ಕಡೆ ಕಾರ್ಖಾನೆಗಳು ಏಳತೊಡಗಿದಾಗ ಒಂದರಲ್ಲಿ ಬಿಡಿಭಾಗ ಅಳೆಯುವ ಕೆಲಸಕ್ಕೆ ಸೇರಿದರು. ಅಂದಿನಿಂದ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ವರ್ನಿಯರ್ ಬಂತು, ಮಿಲಿಮೀಟರಿನ ಚೂರನ್ನೂ ಬಿಡದ ಉಕ್ಕಿನ ಅಳತೆಪಟ್ಟಿ. ಚಿಕ್ಕಮ್ಮನ ಬಳೆ, ಬಾಗಿಲ ಸಂದು, ನನ್ನನ್ನು ನೋಡಲು ಬಂದ ಗಂಡಿನ ಕನ್ನಡಕದ ಗಾಜು... ಯಾವುದನ್ನು ಬಿಟ್ಟರು? ಆ ಸಂಬಂಧ ಕುದುರಲಿಲ್ಲ ಬಿಡಿ!

ಅವರ ಒಬ್ಬಳೇ ಮಗಳು ಸುಮ. ಹುಟ್ಟಿದಾಗ ಗಂಡುಮಗು ಎಂದು ಊರಿಗೆಲ್ಲ ಸಕ್ಕರೆ ಹಂಚಿದ್ದರು. ಇಪ್ಪತ್ತು ದಾಟಿದ ಮೇಲೆ ಅವಳು ತಾನು ಹೆಣ್ಣೆಂದು ಹೇಳಿ ಚೂಡಿದಾರ್ ತೊಟ್ಟಳು. ಚಿಕ್ಕಪ್ಪ ಎರಡು ವರ್ಷ ಮಾತು ಬಿಟ್ಟರು. ಕೊನೆಗೆ ಅವಳು, ಹುಬ್ಬಿನ ಮತ್ತು ದವಡೆಯ ಮೂಳೆ ತಗ್ಗಿಸಿ ಮುಖವನ್ನು ಹೆಣ್ಣಿನದಾಗಿಸುವ ಆಪರೇಷನ್ನಿಗೆ ಹೊರಟಾಗಲೇ ಅವರು ಬಾಯಿ ತೆರೆದದ್ದು.

"ಮೂಳೆ ತೇಯ್ತಾರಾ? ಎಷ್ಟು ಎಂಎಂ?"

"ಗೊತ್ತಿಲ್ಲ ಕಣಪ್ಪ."

"ಗೊತ್ತಿಲ್ದೆ ತಲೆ ಕೊಟ್ಬುಡ್ತೀಯಾ? ನಡಿ, ನಾನೂ ಬತ್ತೀನಿ."

ಅವರಿಬ್ಬರ ಜೊತೆ ನಾನೂ ಬೆಂಗಳೂರಿನ ಆಸ್ಪತ್ರೆಗೆ, ಆಪರೇಷನ್ ಮಾಡುವ ಡಾಕ್ಟರಮ್ಮನ ಹತ್ತಿರ ಹೋದೆ.

"ಎಷ್ಟು ಹೆಚ್ಚುಕಮ್ಮಿ ಆಗ್ಬೋದು ಮೇಡಂ? ನಮ್ ಫ್ಯಾಕ್ಟ್ರೀಲಿ ಕೂದ್ಲೆಳೆ ಜಾಸ್ತಿಯಾದ್ರೂ ವಾಪಸ್ ಕಳಿಸ್ತೀವಿ," ಎಂದರು ಚಿಕ್ಕಪ್ಪ.

ಡಾಕ್ಟರಮ್ಮ ನಕ್ಕರು. "ನಮ್ಮಲ್ಲಿ ವಾಪಸ್ ಕಳಿಸೋ ಹಾಗಿಲ್ಲ. ಅದಕ್ಕೇ ಕುಯ್ಯೋಕೆ ಮೊದಲು ಹತ್ತು ಸಲ ಅಳೀತೀವಿ."

ಹತ್ತು ಸಲ! ಚಿಕ್ಕಪ್ಪ ಅಲ್ಲೇ ಅರ್ಧ ಶರಣಾದರು.

ಆಪರೇಷನ್ ಆಗಿ, ಕುಂಬಳಕಾಯಿಯಂತೆ ಊದಿದ್ದ ಮುಖದ ಹತ್ತಿರ ವರ್ನಿಯರ್ ಹೋದಾಗ ಡಾಕ್ಟರಮ್ಮ ತಡೆದರು. "ಇದು ಬಾವು. ಆರು ತಿಂಗಳು ಬಿಟ್ಟು ಬನ್ನಿ. ಮೂಳೆಯನ್ನ ಎಕ್ಸ್‌ರೇಯಲ್ಲಿ ಅಳೀಬೇಕು, ಚರ್ಮದ ಮೇಲಲ್ಲ." ಅಗಿಯಲಾಗದ ಮಗಳಿಗೆ ಚಿಕ್ಕಪ್ಪ ದಿನವೂ ರಾಗಿ ಅಂಬಲಿ ಕಾಯಿಸಿ, ಒಂದು ಗಂಟೂ ಉಳಿಯದಂತೆ ಸೋಸಿ ಕುಡಿಸಿದರು.

ಆರು ತಿಂಗಳ ಮೇಲೆ ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡನ್ನೂ ಡಾಕ್ಟರಮ್ಮ ದೀಪದ ಹಲಗೆಗೆ ಸಿಕ್ಕಿಸಿದರು. ಚಿಕ್ಕಪ್ಪ ಅರ್ಧ ಗಂಟೆ ಅಳೆದು ಗಂಭೀರವಾಗಿ ಹೇಳಿದರು: "ಎಡಗಡೆ ಅರ್ಧ ಎಂಎಂ ಜಾಸ್ತಿ ತೆಗ್ದಿದ್ದೀರಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು!

"ಹೌದು," ಎಂದರು ಡಾಕ್ಟರಮ್ಮ. "ಹಳೇದನ್ನ ನೋಡಿ. ಮೊದಲಿಂದಲೂ ಎಡದವಡೆ ಬಲಕ್ಕಿಂತ ಅಷ್ಟೇ ಹೆಚ್ಚು ದಪ್ಪ ಇತ್ತು. ಈಗ ಎರಡೂ ಕಡೆ ಅಳೀರಿ."

ಅಳೆದರು. ಇನ್ನೊಮ್ಮೆ ಅಳೆದರು. ಸಮ! ಚಿಕ್ಕಪ್ಪ ಚಪ್ಪಲಿ ಬಿಟ್ಟು ಕೈಮುಗಿದರು. "ಉಕ್ಕನ್ನಾದ್ರೆ ಮಿಷಿನ್ನಿಗೆ ಕಚ್ಚಿಸಿ ಕುಯ್ತೀವಿ. ಜೀವ ಇರೋ ಮೂಳೇನ ಹೆಂಗ್ ಕುಯ್ದ್ರಿ ತಾಯಿ?"

ಹೊರಗೆ ಬಂದಾಗ ಸುಮ ಮೆಲ್ಲಗೆ ಕೇಳಿದಳು, "ಎಕ್ಸ್‌ರೇ ಬುಡಪ್ಪ. ನಾನು ಹೆಂಗಿದ್ದೀನಿ?"

ಆಗ ಅವರು ಅವಳ ಮುಖವನ್ನು ಸರಿಯಾಗಿ ನೋಡಿದರು. ನೋಡುತ್ತಲೇ ಪಕ್ಕದ ಬೆಂಚಿನ ಮೇಲೆ ಕೂತರು.

"ಅವ್ವ," ಎಂದರು.

ಆರು ವರ್ಷದವರಿದ್ದಾಗ ತಾಯಿಯನ್ನು ಕಳೆದುಕೊಂಡವರು ಅವರು. ಮನೆಯಲ್ಲಿ ಆಕೆಯ ಒಂದು ಫೋಟೋ ಕೂಡ ಇರಲಿಲ್ಲ.

"ನಮ್ಮವ್ವನ ಮುಖಾನೇ ಮರ್ತೋಗಿತ್ತು ಕಣವ್ವ," ಎಂದರು. "ಇಷ್ಟ್ ದಿನ ಇಲ್ಲೇ ಇದ್ಲಾ?"

ಸುಮ ಅವರ ಪಕ್ಕ ಕೂತಳು. ಅವರು ನೋಡಿ ಮುಗಿಸುವವರೆಗೂ ಮುಖ ತಿರುಗಿಸಲಿಲ್ಲ.