ತಿಮಿಂಗಿಲಕ್ಕೆ ತಕ್ಕ ಅಂಟು

ಪೇಂಟರಣ್ಣನ ಮಗಳು ಶಾಲೆಯಲ್ಲಿ ಹೇಳಿಬಿಟ್ಟಿದ್ದಳು: "ನಾಟಕಕ್ಕೆ ತಿಮಿಂಗಿಲ ನಮ್ಮಪ್ಪ ಮಾಡ್ಕೊಡ್ತಾರೆ. ಎಮ್ಮೆಗಿಂತ ದಪ್ಪ ಇರುತ್ತೆ!"

ನಾಟಕ ಇವತ್ತೇ ಸಂಜೆ. ಪೇಂಟರಣ್ಣ ಅಂಗಡಿ ಬೋರ್ಡು ಬರೆಯುವವನು. ಥರ್ಮಾಕೋಲ್‌ನಲ್ಲಿ ಅಕ್ಷರ ಕತ್ತರಿಸುವುದೂ ಗೊತ್ತಿತ್ತು. ಕರೆಂಟಿಗೆ ಕಾದ ತಂತಿ ಅದರೊಳಗೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸಾಗುವುದನ್ನು ಕಂಡರೆ ಅವನಿಗೆ ಇಂದಿಗೂ ಮೈ ಜುಮ್ಮೆನ್ನುತ್ತಿತ್ತು. ಆದರೆ ಇದ್ದ ಹಾಳೆಗಳು ನಾಲ್ಕು ಬೆರಳು ದಪ್ಪ. ಎಮ್ಮೆಯ ದಪ್ಪಕ್ಕೆ ಹಾಳೆಗೆ ಹಾಳೆ ಅಂಟಿಸಬೇಕು. ಯಾವ ಅಂಟಿನಿಂದ?

"ಮರದ ಗೋಂದು ಹಾಕಪ್ಪ," ಎಂದ ಪಕ್ಕದ ಮನೆಯ ಬಡಗಿ. "ನಾನು ಅಂಟಿಸಿದ್ದು ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."

ತುಂಡೊಂದರ ಮೇಲೆ ಪರೀಕ್ಷೆಯಾಯಿತು. ಥರ್ಮಾಕೋಲನ್ನು ಸಲೀಸಾಗಿ ದಾಟಿದ ತಂತಿ ಗೋಂದಿನ ಪದರಕ್ಕೆ ಬಂದದ್ದೇ ಮೊಂಡು ಕತ್ತೆಯಂತೆ ನಿಂತುಬಿಟ್ಟಿತು. ಜೋರಾಗಿ ಎಳೆದರೆ ಟಣ್ ಎಂದು ತುಂಡಾಯಿತು.

"ಅದಕ್ಕೇ ಹೇಳೋದು, ನಮ್ಮ ಸಲ್ಯೂಷನ್ ಹಾಕಿ ಅಂತ," ಎನ್ನುತ್ತ ಎದುರಿನ ಚಪ್ಪಲಿ ಅಂಗಡಿಯವನು ಡಬ್ಬಿ ತೆರೆದುಕೊಂಡೇ ಬಂದ. "ಕಾಲು ಕಿತ್ತು ಬಂದ್ರೂ ಅಟ್ಟೆ ಕಿತ್ತು ಬರಲ್ಲ!"

ಅದು ಥರ್ಮಾಕೋಲನ್ನು ಹಿಡಿಯಲಿಲ್ಲ, ತಿಂದಿತು. ಹಚ್ಚಿದಲ್ಲೆಲ್ಲ ಚುಯ್ ಎಂದು ಕರಗಿ ಗುಂಡಿ ಬಿತ್ತು. ಮೂವರೂ ಬಗ್ಗಿ ನೋಡಿದರು.

"ಅಬ್ಬಬ್ಬಾ, ಏನ್ ಹಸಿವು ಇದಕ್ಕೆ!" ಎಂದ ಬಡಗಿ, ಗೌರವದಿಂದ.

ಆಗ ಪೇಂಟರಣ್ಣನಿಗೆ ಹೊಳೆಯಿತು. "ತಂತಿ ಹೋಗೋ ದಾರಿಯಲ್ಲಿ ಅಂಟೇ ಇಲ್ದಿದ್ರೆ? ನಾಲ್ಕು ಮೂಲೆಗೆ ಮಾತ್ರ ಗೋಂದು ಹಚ್ಚೋಣ!"

"ಏನ್ ತಲೆನಪ್ಪಾ ನಿಂದು!" ಎಂದರು ಇಬ್ಬರೂ ಒಟ್ಟಿಗೆ.

ಹಾಳೆಗಳನ್ನು ಪೇರಿಸಿ, ಮೂಲೆಗಳಿಗೆ ಗೋಂದು ಹಚ್ಚಿ, ಕಲ್ಲು ಹೇರಿ ಬಿಸಿಲಿಗಿಟ್ಟರು. ಒಣಗಿದ ಮೇಲೆ ಆ ದಿಮ್ಮಿಯನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ, ಎರಡೂ ಮುಖಕ್ಕೆ ಪೇಂಟರಣ್ಣ ತಿಮಿಂಗಿಲ ಬರೆದ. ಹೊಸ ತಂತಿಯ ಈ ತುದಿ ಅವನ ಕೈಯಲ್ಲಿ, ಆ ತುದಿ ಬಡಗಿಯ ಕೈಯಲ್ಲಿ.

ಮೇಲಂಚಿನ ನಡುವೆ ಹೊಕ್ಕ ತಂತಿ ಎಲ್ಲೂ ತಡೆಯಲಿಲ್ಲ. ಬೆನ್ನು ಇಳಿಯಿತು, ಬಾಲ ಸುತ್ತಿತು, ಹೊಟ್ಟೆ ತುಂಬಿತು, ದವಡೆ ತೆರೆಯಿತು. ದಾರಿಹೋಕರು ಸೈಕಲ್ ನಿಲ್ಲಿಸಿ ನಿಂತರು. ಚಪ್ಪಲಿ ಅಂಗಡಿಯವನು ತನಗೆ ತಿಳಿಯದೆಯೇ ಕೈ ಮುಗಿದ. ಮಗಳು ಉಸಿರಾಡುವುದನ್ನೇ ಮರೆತಳು. ಇದು ನನ್ನ ಕೈಯೇ ಎಂದು ಪೇಂಟರಣ್ಣನಿಗೇ ಬೆರಗಾಯಿತು.

ಅಷ್ಟರಲ್ಲಿ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು. "ಹಿಂದಿನಿಂದ ತಳ್ತೀನಿ, ಮುಂದೆ ಹಿಡ್ಕೊಳ್ಳಿ," ಎಂದು ಪೇಂಟರಣ್ಣ ತಿಮಿಂಗಿಲವನ್ನು ದಿಮ್ಮಿಯಿಂದ ಹೊರಕ್ಕೆ ದೂಡಿದ.

ಮೊದಲ ಹಾಳೆ ಜಾರಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಒಂದು ದಪ್ಪ ತಿಮಿಂಗಿಲ ಬೇಕಿದ್ದ ಕಡೆ ಚಪ್ಪಟೆ ತಿಮಿಂಗಿಲಗಳ ಹಿಂಡೇ ಅಂಗಳಕ್ಕೆ ಬಿದ್ದು ನಡು ಮುರಿದುಕೊಂಡಿತು. ಅಂಟೆಲ್ಲ ನಾಲ್ಕು ಮೂಲೆಯಲ್ಲಿತ್ತು. ಮೂಲೆಗಳೆಲ್ಲ ತಿಮಿಂಗಿಲದ ಸುತ್ತ ಉಳಿದ ಕಸದ ಭಾಗದಲ್ಲಿದ್ದವು.

ಬಡಗಿ ಆ ಕಸದ ಚೌಕಟ್ಟನ್ನು ಹಿಡಿದು ಜಗ್ಗಿ ನೋಡಿದ. "ನೋಡು, ಅಲ್ಲಾಡ್ತಾನೇ ಇಲ್ಲ! ಮೊಮ್ಮಕ್ಕಳ ಕಾಲಕ್ಕೂ ಅಂತ ಹೇಳಿರ್ಲಿಲ್ವಾ?"

ಪೇಂಟರಣ್ಣನಿಗೆ ಮಗಳ ಮುಖ ನೋಡುವ ಧೈರ್ಯ ಬರಲಿಲ್ಲ. ಮಗಳು ಮಾತ್ರ ಚೌಕಟ್ಟಿನ ನಡುವಿನ ತಿಮಿಂಗಿಲದಾಕಾರದ ಖಾಲಿ ಜಾಗದಲ್ಲಿ ನಿಂತು, ಕತ್ತೆತ್ತಿ ಕಣ್ಣರಳಿಸಿದ್ದಳು. ಬಾಗಿಲಲ್ಲಿ ಟೀಚರ್ ಕಾಣಿಸಿಕೊಂಡದ್ದೇ ಕೂಗಿದಳು.

"ಟೀಚರ್, ತಿಮಿಂಗಿಲ ಈಗ ತಾನೇ ಈಜ್ಕೊಂಡು ಹೋಯ್ತು! ನೋಡಿ, ಎಷ್ಟು ದೊಡ್ಡ ದಾರಿ ಮಾಡ್ಕೊಂಡು ಹೋಗಿದೆ!"

ಟೀಚರ್ ನೋಡಿದರು, ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಅಬ್ಬಾ! ಇದನ್ನೇ ವ್ಯಾನಿಗೆ ಹಾಕಿ."

ಪೇಂಟರಣ್ಣನಿಗೆ ಹೋದ ಜೀವ ಬಂತು. ಗೋಡೆಗೊರಗಿ ಇನ್ನೇನು ಕೂರಬೇಕು, ವ್ಯಾನಿನ ಕಿಟಕಿಯಿಂದ ಮಗಳ ದನಿ ಕೇಳಿಸಿತು.

"ಮುಂದಿನ ವರ್ಷ ಆನೆ, ಟೀಚರ್. ನಮ್ಮಪ್ಪ ಮಾಡ್ಕೊಡ್ತಾರೆ. ಮನೆಗಿಂತ ಎತ್ತರ ಇರುತ್ತೆ!"