ಗುಡಾಣದೊಳಗಿನ ಮಾವನವರು

"ಇವತ್ತಿನಿಂದ ಅಂಗಡಿಯ ಒಂದೇ ಒಂದು ಮೀನು ಈ ಮನೆಯ ಹೊಸ್ತಿಲು ದಾಟಕೂಡದು! ನಮ್ಮ ಹಾವುಗಳ ಊಟ ನಮ್ಮ ಅಂಗಳದಲ್ಲೇ ಹುಟ್ಟಬೇಕು, ನಮ್ಮ ಅಂಗಳದಲ್ಲೇ ಕೊಬ್ಬಬೇಕು!"

ಹೀಗೆಂದು ನಾನು, ಅಂದರೆ ಅಯುತ್ಥಯಾ ಊರಿನ ನೀರಾವರಿ ಕಚೇರಿಯ ತವೀಸಕ್, ಎದೆಯುಬ್ಬಿಸಿ ಘೋಷಿಸಿದಾಗ ನನ್ನ ಹೆಂಡತಿ ರಚನೀ ಸಂತೆಗೆ ಒಯ್ಯುವ ರೋಟಿ ಬೇಯಿಸುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ಹೋದ ವರ್ಷ ಅಣಬೆ ಬೆಳೀತೀನಿ ಅಂದಿದ್ರಿ. ಗೋಡೆ ತುಂಬಾ ಬೂಷ್ಟು ಬೆಳೀತು."

"ಅಣಬೆ ಬೇರೆ, ಮೀನು ಬೇರೆ ಕಣೇ! ನದಿಗೇ ಗೇಟು ಹಾಕೋನು ನಾನು. ಗಪ್ಪಿ ಮೀನು ನನಗ್ಯಾವ ಲೆಕ್ಕ?"

ನಮ್ಮ ಮನೆಯಲ್ಲಿ ಎರಡು ನೀರುಹಾವುಗಳಿವೆ. ಮೂಗಿನ ತುದಿಯಲ್ಲಿ ಮೀಸೆಯ ಹಾಗೆ ಎರಡು ಎಸಳು ಚಾಚಿಕೊಂಡಿರುವುದರಿಂದ ಒಂದಕ್ಕೆ ಹವಾಲ್ದಾರ, ಇನ್ನೊಂದಕ್ಕೆ ಜಮಾದಾರ ಎಂದು ಹೆಸರಿಟ್ಟಿದ್ದೇನೆ. ಜೀವಂತ ಮೀನು ಬಿಟ್ಟು ಬೇರೇನನ್ನೂ ಮೂಸದ ಮಹಾನುಭಾವರು! ಅಂಗಡಿಯ ರೋಗಿಷ್ಠ ಮೀನು ತಿಂದು ಹವಾಲ್ದಾರ ಹಾಸಿಗೆ ಹಿಡಿದದ್ದೇ ನನ್ನ ಘೋಷಣೆಗೆ ಕಾರಣ.

ಅಂಗಳದ ಗುಡಾಣಗಳಿಗೆ ಗಪ್ಪಿಗಳನ್ನು ಬಿಟ್ಟೆ. ಹೆತ್ತ ತಾಯಿಯೇ ಮರಿಗಳನ್ನು ನುಂಗದಿರಲೆಂದು ಅವು ಅಡಗಲು ಅಂತರಗಂಗೆ ಹಾಕಿದೆ. ಆಮೇಲೆ ನೋಡಿ ವೈಭವ! ಗುಡಾಣ ತುಂಬಿತು, ಬಕೆಟ್ಟು ತುಂಬಿತು, ಅಕ್ಕಿ ತೊಳೆಯುವ ಪಾತ್ರೆ ತುಂಬಿತು. ಹೆಚ್ಚಾದ ಗಂಡುಗಳನ್ನೆಲ್ಲ ಒಂದು ನೀಲಿ ಡ್ರಮ್ಮಿಗೆ ಹಾಕಿಟ್ಟೆ. ಹಾವುಗಳ ಉಗ್ರಾಣ ಅದು. ಊಟ ಬಡಿಸುವುದು ಅಲ್ಲಿಂದಲೇ.

"ಸ್ನಾನಕ್ಕೆ ಅಂತ ತಂಬಿಗೆ ಸುರ್ಕೊಂಡ್ರೆ ತಲೆ ಮೇಲೆ ನಾಲ್ಕು ಮೀನು ಬಿದ್ವು!" ಎಂದು ರಚನೀ ಒದ್ದೆ ಕೂದಲಲ್ಲೇ ಬಂದು ಕಿರುಚಿದಳು.

"ಅದನ್ನೇ ಸಮೃದ್ಧಿ ಅನ್ನೋದು!" ಎಂದೆ ನಾನು.

ಇಂಥ ಸಮೃದ್ಧಿಯ ಕಾಲದಲ್ಲಿ ಅತ್ತೆ ಲಮೈ ಬಂದರು. ಮಳೆಗಾಲದ ವ್ರತದ ಮೂರು ತಿಂಗಳೂ ನಮ್ಮಲ್ಲಿದ್ದು ಪಕ್ಕದ ವಿಹಾರಕ್ಕೆ ಹೋಗಿಬರುವುದು ಅವರ ಸಂಕಲ್ಪ. ಬುದ್ಧನಿಗೆ ನೆರಳು ಕೊಟ್ಟದ್ದೇ ನಾಗರಾಜ, ಹಾಗಾಗಿ ಹಾವುಗಳ ಮೇಲೆ ಅವರದೇನೂ ತಕರಾರಿರಲಿಲ್ಲ. ನಾನು ನೆಮ್ಮದಿಯಾಗಿದ್ದೆ. ಮಾರನೆಯ ಬೆಳಿಗ್ಗೆ ಅಂಗಳದಿಂದ ಒಂದು ಚೀತ್ಕಾರ ಕೇಳಿತು.

"ರಚನೀ! ಬಾರೇ ಇಲ್ಲಿ! ನಿಮ್ಮಪ್ಪ ಗುಡಾಣದಲ್ಲಿದ್ದಾರೆ!"

ಮಾವನವರು ತೀರಿಕೊಂಡು ವರ್ಷ ಕಳೆದಿತ್ತು. ಓಡಿ ಹೋಗಿ ಇಣುಕಿದೆವು. ಎಡಗಣ್ಣಿನ ಕೆಳಗೆ ಕಪ್ಪು ಮಚ್ಚೆಯಿದ್ದ ಒಂದು ಮುದಿ ಗಪ್ಪಿ ಅತ್ತೆಯ ಮುಖ ಕಂಡದ್ದೇ ತಡ, ಅಂತರಗಂಗೆಯ ಬೇರಿನೊಳಕ್ಕೆ ನುಸುಳಿಕೊಂಡಿತು.

"ನೋಡಿದ್ರಾ ಅಳಿಯಂದಿರೇ? ಅದೇ ಮಚ್ಚೆ! ನನ್ನ ಕಂಡ ತಕ್ಷಣ ಪರಾರಿಯಾಗೋದೂ ಅದೇ!"

"ಅತ್ತೆ, ಮೀನಿಗೆ ಮಚ್ಚೆ ಇರೋದು ಸಹಜ..."

"ವಿಹಾರದ ಗುರುಗಳನ್ನ ಕೇಳ್ತೀನಿ."

ಕೇಳಿದರು. ಗುರುಗಳು ಯೋಚಿಸಿ "ಇರಬಹುದು" ಎಂದರಂತೆ. ಇಲ್ಲ ಎನ್ನುವುದಕ್ಕೆ ಅವರೇನು ಕಂಡಿದ್ದಾರೆ? ಅಷ್ಟು ಸಾಕಾಯಿತು. ಅತ್ತೆ ಮನೆಗೆ ಬಂದವರೇ ಕಟ್ಟಪ್ಪಣೆ ಹೊರಡಿಸಿದರು.

"ಉಳಿದ ಮೀನು ಅವುಗಳ ಕರ್ಮ. ಆದ್ರೆ ಇವರ ಮೈಗೆ ಹಾವಿನ ಗಾಳಿ ಸೋಕಿದ್ರೂ ನಿಮ್ಮ ಹಾವೆರಡೂ ನನ್ನ ಮಗನ ಬಾಣಲೆಗೆ! ತಿಳೀತಾ?"

ನನ್ನ ಭಾಮೈದನನ್ನು ನೀವು ಕಂಡಿಲ್ಲ. ನೆಲದ ಮೇಲೆ ಹರಿಯುವ ಯಾವುದೇ ಪ್ರಾಣಿಯನ್ನು ಕಂಡರೂ ಮೊದಲು ಮೆಣಸಿನಕಾಯಿಯನ್ನೂ ಆಮೇಲೆ ತುಳಸಿಯನ್ನೂ ಹುಡುಕುವ ಆಸಾಮಿ! ನನ್ನ ಹವಾಲ್ದಾರ, ನನ್ನ ಜಮಾದಾರ ಅವನ ಬಾಣಲೆಯಲ್ಲಿ ಚಟಪಟ ಎನ್ನುವುದನ್ನು ನೆನೆದು ತೊಟ್ಟಿಯ ಮುಚ್ಚಳವನ್ನು ಎರಡೆರಡು ಸಲ ಭದ್ರಪಡಿಸಿದೆ.

ಅಂದಿನಿಂದ ದಿನಾ ಬೆಳಿಗ್ಗೆ ಗುಡಾಣದ ಬಳಿ ದರಬಾರು. ಅತ್ತೆ ಅನ್ನದಗುಳು ಉದುರಿಸುತ್ತಾ ಹಳೆಯ ಜಗಳಗಳನ್ನೆಲ್ಲ ಹೊಸದಾಗಿ ಆಡುವರು. "ದೋಣಿ ಮಾರಿದ ದುಡ್ಡಲ್ಲಿ ಹೆಂಡ ಕುಡಿದ್ರಲ್ಲ, ನಾಚಿಕೆ ಆಗ್ಲಿಲ್ವಾ?" ಮೀನು ಬೇರಿನೊಳಗೆ ಇನ್ನಷ್ಟು ಮುದುರಿಕೊಳ್ಳುವುದು. ಒಮ್ಮೊಮ್ಮೆ ಧ್ವನಿ ಇಳಿಯುತ್ತಿತ್ತು. "ಹೇಳ್ದೆ ಕೇಳ್ದೆ ಹೋಗ್ಬಿಟ್ರಿ. ಮನೇಲಿ ಬೈಯೋಕೂ ಒಬ್ರಿಲ್ಲ."

ಆದರೂ ಭಯವೇಕೆ? ಮಾವನವರು ಗುಡಾಣದಲ್ಲಿ, ಊಟ ಡ್ರಮ್ಮಿನಲ್ಲಿ. ಎಂಥ ಅಚ್ಚುಕಟ್ಟು ವ್ಯವಸ್ಥೆ! ಒಂದು ಸಂಜೆ ಅತ್ತೆ ವಿಹಾರಕ್ಕೆ ಹೋಗಿದ್ದಾಗ ಎಂದಿನಂತೆ ಡ್ರಮ್ಮಿಗೆ ಬಲೆ ಹಾಕಿ, ಬಂದಷ್ಟನ್ನು ಹಾವಿನ ತೊಟ್ಟಿಗೆ ಸುರಿದೆ. ಈ ಹಾವುಗಳ ಕುತಂತ್ರ ಕೇಳಿ: ಕತ್ತನ್ನು ಸುಮ್ಮನೆ ಮಿಸುಕಿಸಿ ಮೀನನ್ನು ಬೆದರಿಸುತ್ತವೆ. ಬೆದರಿದ ಮೀನು ಬದುಕಿದೆಯಾ ಬಡಜೀವವೇ ಎಂದು ಓಡುವುದು ನೇರ ಹಾವಿನ ಬಾಯಿಗೇ! ಹವಾಲ್ದಾರ ಮಿಸುಕಿದ. ಒಂದು ಮೀನು ಓಡಿತು. ಅದರ ಎಡಗಣ್ಣಿನ ಕೆಳಗೆ ಕಪ್ಪು ಮಚ್ಚೆ!

"ಮಾವಾ!" ಎಂದು ಕಿರುಚಿ ತೊಟ್ಟಿಗೆ ಕೈ ಹಾಕುವಷ್ಟರಲ್ಲಿ ಬಾಲವಷ್ಟೇ ಹೊರಗುಳಿದಿತ್ತು. ಮರುಕ್ಷಣ ಅದೂ ಇಲ್ಲ.

ರಚನೀ ಓಡಿ ಬಂದಳು. "ಅಯ್ಯೋ, ಹೇಳೋಕೇ ಮರೆತೆ! ಅಮ್ಮ ಬೆಳಿಗ್ಗೆ ಅಪ್ಪನ್ನ ಡ್ರಮ್ಮಿಗೆ ವರ್ಗ ಮಾಡಿದ್ಲು. ಗುಡಾಣದಲ್ಲಿ ಹೆಂಗಸ್ರು ಜಾಸ್ತಿ, ಅವರ ಬುದ್ಧಿ ನಂಗೊತ್ತು, ಗಂಡಸ್ರ ಜೊತೆ ಬಿದ್ದಿರ್ಲಿ ಅಂದ್ಲು. ಅದು ಹಾವಿನ ಉಗ್ರಾಣ ಅಂತ ಅವಳಿಗೇನು ಗೊತ್ತು?"

"ಎಂಥ ಕೆಲಸ ಮಾಡಿದೆಯೇ!"

"ನಾನಾ? ನಮ್ಮಪ್ಪನ್ನ ಹಾವಿನ ಬಾಯಿಗೆ ಹಾಕಿದ್ದು ನೀವು!"

ಅಳುತ್ತಾ ಕೂರುವ ಕಾಲವಲ್ಲ ಅದು. ಅತ್ತೆ ಮರಳುವಷ್ಟರಲ್ಲಿ ಹೊಸ ಮಾವ ಬೇಕು! ಗುಡಾಣ, ಬಕೆಟ್ಟು, ಪಾತ್ರೆ ಎಲ್ಲ ಜಾಲಾಡಿದೆ. ಇಷ್ಟು ಸಂತಾನದಲ್ಲಿ ಒಂದಕ್ಕಾದರೂ ಮಚ್ಚೆ ಬೇಡವೇ? ಕೊನೆಗೆ ಘೋಷಣೆಯನ್ನು ಗಾಳಿಗೆ ತೂರಿ, ಸ್ಕೂಟರ್ ಏರಿ ಅದೇ ಅಂಗಡಿಗೆ ಹಾರಿದೆ.

"ಏನ್ ಬೇಕು ಸಾರ್? ಗಂಡಾ, ಹೆಣ್ಣಾ?" ಎಂದ ಅಂಗಡಿಯವನು.

"ಮಾವ ಬೇಕು!" ಎಂದು ಬಾಯಿ ತಪ್ಪಿ ಬಂದುಬಿಟ್ಟಿತು.

ಅವನು ನನ್ನಿಂದ ಎರಡು ಹೆಜ್ಜೆ ದೂರ ನಿಂತು ತೊಟ್ಟಿ ತೋರಿಸಿದ. ಗಾಜಿಗೆ ಮೂಗೊತ್ತಿ ಹುಡುಕಿದೆ. ಸಿಕ್ಕಿತು! ಎಡಗಣ್ಣು, ಕಪ್ಪು ಮಚ್ಚೆ, ಅದೇ ಮುದಿ ಮುಖ. ತಂದು, ಯಾಕೆ ಬೇಕು ಆ ಡ್ರಮ್ಮಿನ ಸಹವಾಸ ಎಂದು ಗುಡಾಣಕ್ಕೇ ಬಿಟ್ಟೆ. ಅವರಾಗಿಯೇ ವಾಪಸು ಹಾರಿದರು ಎಂದರಾಯಿತು!

ಬೆಳಿಗ್ಗೆ ಅತ್ತೆ ಗುಡಾಣಕ್ಕೆ ಬಗ್ಗಿದರು. "ಏನ್ರೀ, ಇಲ್ಲಿಗೇ ಬಂದ್ರಾ?" ಎಂದದ್ದೇ ತಡ, ಅಂಗಡಿಯಲ್ಲಿ ಕೈತುತ್ತು ತಿಂದು ಬೆಳೆದ ಆ ಮೀನು ಸುಯ್ಯೆಂದು ಮೇಲೆ ಬಂದು ಅವರ ಬೆರಳಿಗೆ ಮುತ್ತಿಟ್ಟಿತು. ಅತ್ತೆ ಬೆರಳನ್ನು ನೀರಲ್ಲೇ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಅನ್ನ ಉದುರಿಸಿದರು. ಬೈಗುಳವಿಲ್ಲ, ಜಗಳವಿಲ್ಲ! ವಾರವೆಲ್ಲ ಹೀಗೇ ನಡೆಯಿತು.

"ನೋಡಿದ್ಯಾ ನನ್ನ ಬುದ್ಧಿ?" ಎಂದು ರಚನೀಯ ಎದುರು ಮೀಸೆ ತಿರುವಿದೆ. "ಅತ್ತೆಗೆ ಸುಖ, ಹಾವಿಗೆ ಸುಖ!"

ವ್ರತ ಮುಗಿಸಿ ಹೊರಡುವ ದಿನ, ಊಟದ ನಡುವೆ ಅತ್ತೆ ಕೇಳಿದರು. "ಅಳಿಯಂದಿರೇ, ಅದನ್ನ ಯಾವ ಅಂಗಡಿಯಿಂದ ತಂದ್ರಿ?"

"ಯಾ... ಯಾವುದನ್ನ ಅತ್ತೆ?"

"ಸಂಸಾರ ಮಾಡಿದಷ್ಟು ಕಾಲ ನಾನು ಕರೆದಾಗ ಒಂದು ಸಲಾನೂ ಬಾರದ ಮನುಷ್ಯ. ಈಗ ಬೆರಳು ತೋರಿಸಿದ್ರೆ ಓಡಿ ಬರ್ತಾರೆ ಅಂದ್ರೆ ನಂಬೋಕೆ ನಾನೇನು ದಡ್ಡಿನಾ?"

ತಟ್ಟೆ ಸರಿಸಿ ಅವರ ಕಾಲಿಗೆರಗಿದೆ. ಎಲ್ಲವನ್ನೂ ಒಪ್ಪಿಕೊಂಡೆ. "ಅತ್ತೆ, ನನ್ನನ್ನ ಏನು ಬೇಕಾದ್ರೂ ಮಾಡಿ, ಹಾವುಗಳನ್ನ ಮಾತ್ರ ಬಾಣಲೆಗೆ ಕಳಿಸ್ಬೇಡಿ!"

"ಏಳಿ, ಏಳಿ. ಆ ಡ್ರಮ್ಮಿಗೆ ಹಾಕಿದ್ದು ನಾನೇ ಅಲ್ವಾ? ಬಾಣಲೆಗೆ ಹೋಗೋದಾದ್ರೆ ಮೊದಲು ನಾನೇ ಹೋಗ್ಬೇಕು." ಕಣ್ಣೊರೆಸಿಕೊಂಡರು. ಆಮೇಲೆ ಗುಡಾಣದ ಕಡೆ ನೋಡಿ ನಕ್ಕರು. "ಅವರಿಗೆ ಮುಂದಿನ ಜನ್ಮ ಬೇಗ ಸಿಕ್ತು ಬಿಡಿ. ಇದನ್ನ ಊರಿಗೆ ತಗೊಂಡು ಹೋಗ್ತೀನಿ. ಹೇಳಿದ ಮಾತು ಕೇಳುತ್ತೆ. ಹಳೇದಕ್ಕಿಂತ ಇದೇ ವಾಸಿ!"

ರೋಟಿ ಮಡಿಸುತ್ತಿದ್ದ ರಚನೀಯ ಕೈ ಗಕ್ಕನೆ ನಿಂತಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದಳು.

"ಅಮ್ಮಾ, ಆ ಅಂಗಡಿಯೋರು ಹಳೇದನ್ನ ವಾಪಸ್ ತಗೋತಾರಾ?"

ತೊಟ್ಟಿಯಲ್ಲಿ ಹವಾಲ್ದಾರ ಮೆಲ್ಲಗೆ ಕತ್ತು ಮಿಸುಕಿಸಿದ. "ರೀ..." ಎಂದಳು ರಚನೀ. ಎರಡನೆಯ ಸಲ ಕರೆಯುವ ಕಷ್ಟವನ್ನೇ ಅವಳಿಗೆ ಕೊಡದೆ ಓಡಿ ಹೋಗಿ ಎದುರು ನಿಂತೆ!