ಉಗಾದಿ ನಮಸ್ಕಾರಕ್ಕೆ ಕಿರುಚಿದ ವಾಚು

ಅಂಜಿನಪ್ಪನ ಗ್ರಹಚಾರ ಕೆಟ್ಟದ್ದು ಒಂದು ವಾಚಿನಿಂದ. ಟೈಮು ನೋಡುವ ವಾಚಲ್ಲ, ಕಟ್ಟಿಕೊಂಡವರು ಬಿದ್ದರೆ ಕಿರುಚುವ ವಾಚು. ಕಿರುಚಿದ ಮೇಲೆ ‘ಚೆನ್ನಾಗಿದ್ದೀರಾ?’ ಎಂದು ಕೇಳುತ್ತದೆ. ಸರಿಯಾದ ಉತ್ತರ ಬರದಿದ್ದರೆ ಮನೆಯವರಿಗೂ ಅಕ್ಕಪಕ್ಕದವರಿಗೂ ತಾನೇ ಫೋನು ಹಚ್ಚುತ್ತದೆ.

ಜಗಳೂರಿನ ತನ್ನ ಟೈಲರ್ ಅಂಗಡಿಯಲ್ಲಿ ಒಮ್ಮೆ ತಲೆ ಸುತ್ತಿ ಬಿದ್ದದ್ದೇ ತಪ್ಪಾಯಿತು. ಹೆಂಡತಿ ಲಕ್ಷ್ಮಮ್ಮ ತನ್ನ ತಮ್ಮ ವಿನೋದನ ಕೈಲಿ ಈ ವಾಚು ತರಿಸಿ ಗಂಡನಿಗೆ ಕಟ್ಟಿ, ಅಂಗಡಿಯ ಬೀಗದಕೈ ಕಿತ್ತುಕೊಂಡಳು. ಉಗಾದಿ ಮುಗಿಯುವವರೆಗೆ ಬೀಳದಿದ್ದರೆ ಬೀಗದಕೈ ವಾಪಸ್ಸು ಎಂಬುದು ಕರಾರು. ಮಿಷನ್ ತುಳಿಯದೆ ಅವನ ಕಾಲುಗಳು ಜೋಮು ಹಿಡಿದಿದ್ದವು. ಹೊಲಿಗೆ ಬಿಟ್ಟರೆ ತಾನು ಯಾತಕ್ಕೂ ಬಾರದವನು ಎಂಬ ಸಂಕಟ ಎದೆಯೊಳಗೆ ಕೂತಿತ್ತು.

ಉಗಾದಿಯ ಚಂದ್ರ ಕಂಡ. ಚಂದ್ರನ ನೋಡಿದವರು ಓಣಿಯ ಹಿರಿಯರಿಗೆಲ್ಲ ನಮಸ್ಕಾರ ಮಾಡಬೇಕು. ತಪ್ಪಿಸಿಕೊಂಡವನನ್ನು ಓಣಿಯವರು ವರ್ಷಪೂರ್ತಿ ಆಡಿಕೊಳ್ಳುತ್ತಾರೆ. ಅಂಜಿನಪ್ಪ ಎದುರುಮನೆಯ ಶಂಕ್ರಮ್ಮನ ಮುಂದೆ ಉದ್ದಕ್ಕೆ ಮಲಗಿ ಕೈ ಮುಗಿದ. ವಾಚು ಊರು ಹಾರಿಹೋಗುವಂತೆ ಕಿರುಚಿತು. ‘ಚೆನ್ನಾಗಿದ್ದೀರಾ?’ ಎಂದು ಅದು ಕೇಳಿದ್ದಕ್ಕೆ ಅವನು ಬಾಯಿ ತೆರೆಯುವಷ್ಟರಲ್ಲಿ ಶಂಕ್ರಮ್ಮ ‘ಸತ್ತನಲ್ಲೋ’ ಎಂದು ಬಾಯಿ ಬಡಿದುಕೊಂಡಳು.

ಅಷ್ಟೇ ಸಾಕಾಯಿತು. ಓಣಿಯ ಫೋನುಗಳೆಲ್ಲ ಬಡಿದುಕೊಂಡವು. ಒಬ್ಬರು ಮೂಗಿಗೆ ಈರುಳ್ಳಿ ಹಿಡಿದರು, ಇನ್ನೊಬ್ಬರು ಅಂಗೈಗೆ ಕಬ್ಬಿಣ ತುರುಕಿದರು, ಮತ್ತೊಬ್ಬರು ಹೊಸ ಅಂಗಿಯ ಮೇಲೆ ಒಂದು ಕೊಡ ನೀರು ಸುರಿದರು. ನನಗೇನೂ ಆಗಿಲ್ಲ ಎಂದು ಅವನು ಗೋಗರೆದ. ತಲೆ ಸುತ್ತಿದವರೆಲ್ಲ ಹಾಗೇ ಅನ್ನುತ್ತಾರೆ ಎಂದರು ಪಕ್ಕದ ಮನೆಯ ಬೆನಕಪ್ಪ ಮೇಷ್ಟ್ರು. ಲಕ್ಷ್ಮಮ್ಮ ಓಡಿ ಬಂದವಳೇ ಬೀಗದಕೈಯನ್ನು ಸೊಂಟಕ್ಕೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡಳು. ಅಂಜಿನಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಾಚು ತಂದ ವಿನೋದನೇ ಅದರ ಪರೀಕ್ಷೆ ಮಾಡಿಸಿದ. ಒದ್ದೆ ಅಂಗಿಯಲ್ಲೇ ಭಾವ ಇನ್ನೊಮ್ಮೆ ಮಲಗಿದ, ವಾಚು ಇನ್ನೊಮ್ಮೆ ಕಿರುಚಿತು. ಬಿದ್ದದ್ದಕ್ಕೂ ನಮಸ್ಕಾರಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು. ವಿನೋದ ಓಣಿಗೆಲ್ಲ ಕೇಳುವಂತೆ ಹೇಳಿದ.

“ಇನ್ಮೇಲೆ ಇದು ಕೂಗಿದ್ರೆ ಯಾರೂ ಓಡಿ ಬರಬ್ಯಾಡ್ರಿ. ಅದು ಕೇಳಿದಾಗ ಚೆನ್ನಾಗಿದಾರೆ ಅನ್ರಿ, ಸುಮ್ಮನಾಗ್ತೈತೆ.”

ಲಕ್ಷ್ಮಮ್ಮನೂ ಕರಗಿದಳು. ನಮಸ್ಕಾರಕ್ಕೆ ಮಲಗಿದ್ದು ಬಿದ್ದ ಲೆಕ್ಕಕ್ಕಿಲ್ಲ, ಉಳಿದ ಹಿರಿಯರಿಗೆಲ್ಲ ತಲೆ ಸುತ್ತದೆ ನಮಸ್ಕಾರ ಮಾಡಿ ಬಂದರೆ ಬೀಗದಕೈ ಇವತ್ತೇ ಎಂದಳು. ಅಂಜಿನಪ್ಪನಿಗೆ ಹೋದ ಜೀವ ಬಂತು. ಮನೆಮನೆಗೂ ಹೋಗಿ ಮಲಗಿದ, ಎದ್ದ. ವಾಚು ಕಿರುಚಿತು, ಜನ ಚೆನ್ನಾಗಿದಾರೆ ಎಂದರು.

ಕೊನೆಗೆ ಉಳಿದವರು ಬೆನಕಪ್ಪ ಮೇಷ್ಟ್ರು. ಅವರು ತಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಆತುರದಲ್ಲಿ ಹೊರಟ ಅಂಜಿನಪ್ಪನ ಬಲಗಾಲು ಕತ್ತಲಲ್ಲಿ ಚರಂಡಿಯ ಒಡೆದ ಚಪ್ಪಡಿಯ ಸಂದಿಯೊಳಗೆ ಇಳಿಯಿತು. ಮೈ ಮುಂದಕ್ಕೆ ಹೋಯಿತು, ಕಾಲು ಅಲ್ಲೇ ಉಳಿಯಿತು. ಒಳಗೆ ಲಟಕ್ಕೆಂದ ಸದ್ದು ಅವನೊಬ್ಬನಿಗೇ ಕೇಳಿಸಿತು. ನೋವಿಗೆ ಉಸಿರು ಕಟ್ಟಿ, ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ವಾಚು ಕಿರುಚಿತು. ಚೆನ್ನಾಗಿದ್ದೀರಾ ಎಂದು ಕೇಳಿತು.

“ಚೆನ್ನಾಗಿದಾನೆ,” ಎಂದರು ಮೇಷ್ಟ್ರು. ವಾಚು ತಣ್ಣಗಾಯಿತು. ಅವರು ಕೈಯೆತ್ತಿ ಹರಸಿ, ನಮಸ್ಕಾರ ಅಂದರೆ ಹೀಗಿರಬೇಕು, ಹಣೆ ನೆಲಕ್ಕೆ ಮುಟ್ಟಬೇಕು ಎಂದು ಓಣಿಯ ಹುಡುಗರನ್ನು ಕರೆದು ತೋರಿಸಿದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಲಕ್ಷ್ಮಮ್ಮನ ಕಣ್ಣು ತುಂಬಿತು. ಬಂದು, ಗಂಡನ ಚಾಚಿದ ಅಂಗೈಯೊಳಗೆ ಬೀಗದಕೈ ಇಟ್ಟಳು.

“ಒಂದು ಸಲನೂ ತಲೆ ಸುತ್ತಲಿಲ್ಲ ನಿಮಗೆ. ನಾಳೆ ಹೋಗಿ ಅಂಗಡಿ ಬಾಗಿಲು ತಗೀರಿ.”

ಅಂಜಿನಪ್ಪ ಬೀಗದಕೈ ಮುಷ್ಟಿಯಲ್ಲಿ ಹಿಡಿದ. ಮಿಷನ್ ತುಳಿಯುವ ಕಾಲು ಇನ್ನೂ ಚರಂಡಿಯೊಳಗೇ ಇತ್ತು. ಮಣ್ಣಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ.

“ಪಾಪ, ಖುಷಿ ತಡೆಯಾಕೆ ಆಗ್ತಿಲ್ಲ ಅವನಿಗೆ,” ಎಂದರು ಮೇಷ್ಟ್ರು.